ತುಕ್ಕಿಗೂ ಒಂದು ಹದ ಉಂಟು

ಭಟ್ಕಳದ ಮುಟ್ಟಳ್ಳಿಯಿಂದ ಹೊನ್ನಾವರ, ಕುಮಟಾದವರೆಗೆ ರಸ್ತೆಗೆಂದು ಗುಡ್ಡ ಕಡಿದ ಕಡೆಯಲ್ಲೆಲ್ಲ ಕಣ್ಣಿಗೆ ಹೊಡೆಯುವುದು ಕೆಂಪು. ಮನೆ ಕಟ್ಟುವ ಚಿರೆಕಲ್ಲು ಕೆಂಪು, ಮಳೆಗಾಲದಲ್ಲಿ ಗಟಾರ ತುಂಬಿ ಹರಿಯುವ ನೀರೂ ಕೆಂಪು. ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದ ಬಣ್ಣ ಇದು. ನೆಲಕ್ಕೆ ನೆಲವೇ ತುಕ್ಕು ಹಿಡಿದಿದೆ ಎಂದರೂ ನಡೆದೀತು. ಈ ಕೆಂಪಿಗೆ ಮುಖ್ಯ ಕಾರಣ ಹೆಮಟೈಟ್ ಎಂಬ ಆಕ್ಸೈಡ್. ಅದರಲ್ಲಿ ಕಬ್ಬಿಣದ ಎರಡು ಪರಮಾಣುವಿಗೆ ಆಮ್ಲಜನಕದ ಮೂರು. ಇದೇ ಊರುಗಳ ಅಟ್ಟದ ಮೇಲೆ ಬಿದ್ದಿರುವ ಹಳೆಯ ಯಕ್ಷಗಾನದ ಕ್ಯಾಸೆಟ್ ಬಿಚ್ಚಿದರೆ ಅದರ ಟೇಪು ಕಂದು ಬಣ್ಣದ್ದು. ಆ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ, ಅಲ್ಲಿಯೂ ಎರಡಕ್ಕೆ ಮೂರು ಎಂಬುದೇ ಲೆಕ್ಕ. ಸೂತ್ರ ಒಂದೇ ಆದರೂ ಗುಣ ಒಂದಲ್ಲ. ಟೇಪಿನ ಮೇಲಿರುವ ಮ್ಯಾಗ್‌ಹೆಮೈಟ್ ಅಯಸ್ಕಾಂತಕ್ಕೆ ಬಲವಾಗಿ ಓಗೊಡುತ್ತದೆ. ಗುಡ್ಡದ ಹೆಮಟೈಟಿನ ಕಾಂತತೆ ಅದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಪರಮಾಣುಗಳು ಹರಳಿನೊಳಗೆ ಕೂತ ಕ್ರಮ ಬೇರೆ ಎಂಬುದಷ್ಟೇ ಇಲ್ಲಿನ ವ್ಯತ್ಯಾಸ. ಮ್ಯಾಗ್‌ಹೆಮೈಟನ್ನು ಸಾಕಷ್ಟು ಕಾಯಿಸಿದರೆ ಅದು ಹೆಮಟೈಟೇ ಆಗಿಬಿಡುತ್ತದೆ. ಒಂದು ಪರಮಾಣುವೂ ಕಳೆಯದೆ ಕಾಂತತೆ ಮಾತ್ರ ಹೋಗುತ್ತದೆ.

ಕಾಂತೀಯ ತೆಳುಪದರಗಳ ವಿಜ್ಞಾನದ ತಿರುಳು ಈ ಒಂದು ಸಂಗತಿಯಲ್ಲಿದೆ. ಹಾರ್ಡ್ ಡಿಸ್ಕಿನ ಬಿಲ್ಲೆ, ವಿಡಿಯೊ ಕ್ಯಾಮೆರಾದ ಟೇಪು, ಕಾರಿನ ಚಕ್ರದ ವೇಗ ಅಳೆಯುವ ಸಂವೇದಕ, ಹೊಸ ಬಗೆಯ ಮೆಮೊರಿ ಚಿಪ್ಪು, ಇವೆಲ್ಲದರಲ್ಲೂ ಕೆಲಸ ಮಾಡುವುದು ಕೂದಲೆಳೆಗಿಂತ ನೂರಾರು, ಸಾವಿರಾರು ಪಟ್ಟು ತೆಳುವಾದ ಲೋಹದ ಪದರಗಳು. ಇವುಗಳಿಗೆ ಆಮ್ಲಜನಕ ವೈರಿ ಎಂಬುದು ಸಾಮಾನ್ಯ ತಿಳಿವಳಿಕೆ. ಉಪ್ಪುಗಾಳಿಗೆ ತಗಡು, ಗೇಟು, ಬೈಕಿನ ರಿಮ್ಮು ಕಳೆದುಕೊಂಡ ಕರಾವಳಿಯವರಿಗಂತೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ತಿಳಿವಳಿಕೆ ಅರ್ಧ ಮಾತ್ರ ಸರಿ. ಆಮ್ಲಜನಕ ಬಂತೋ ಇಲ್ಲವೋ ಎನ್ನುವುದಕ್ಕಿಂತ ಅದು ಎಲ್ಲಿ ಹೋಗಿ ಕೂತಿತು ಎನ್ನುವುದು ದೊಡ್ಡ ಪ್ರಶ್ನೆ. ಎಲ್ಲಿ ಕೂರಬೇಕೆಂಬುದನ್ನು ತೀರ್ಮಾನಿಸುವುದು ಪದರದ ಸೂಕ್ಷ್ಮರಚನೆ, ಅಂದರೆ ಅದರೊಳಗಿನ ಹರಳುಕಣಗಳ ಗಾತ್ರ, ನಿಲುವು ಮತ್ತು ಅವುಗಳ ನಡುವಿನ ಸಂದುಗಳು. ಸಂದಿನಲ್ಲಿ ಹದವಾಗಿ ಕೂತ ಆಕ್ಸೈಡ್ ಪದರಕ್ಕೆ ನೆನಪಿನ ಶಕ್ತಿ ಕೊಡುತ್ತದೆ. ಅದೇ ಆಕ್ಸೈಡ್ ಒಂದೇ ಒಂದು ನ್ಯಾನೋಮೀಟರ್ ಒಳಕ್ಕೆ ಸರಿದರೆ ಆ ನೆನಪನ್ನು ಅಳಿಸುತ್ತದೆ.

ಮೊದಲಿಗೆ ತೆಳು ಎನ್ನುವುದರಿಂದ ಆಗುವ ವ್ಯತ್ಯಾಸವನ್ನು ಅಂಕಿಯಲ್ಲಿ ನೋಡೋಣ. 16ನೇ ಶತಮಾನದ ಆರಂಭದಲ್ಲಿ ಭಟ್ಕಳ ಬಂದರಿನಿಂದ ಅಕ್ಕಿ, ಸಕ್ಕರೆಯ ಜೊತೆಗೆ ಕಬ್ಬಿಣವೂ ಹಡಗೇರುತ್ತಿತ್ತು ಎಂದು ಪೋರ್ಚುಗೀಸ್ ಬರಹಗಾರ ದುವಾರ್ಟೆ ಬಾರ್ಬೋಸಾ ಬರೆದಿಟ್ಟಿದ್ದಾನೆ. ಅಂಥ ಕಬ್ಬಿಣವನ್ನು ಒಣಗಾಳಿಗೆ ತೆರೆದಿಟ್ಟರೆ ಅದರ ಮೈಮೇಲೆ ಕೂಡಲೇ ಎರಡು ಮೂರು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಆಕ್ಸೈಡ್ ಆದಾಗ ಕಬ್ಬಿಣ ಎರಡು ಪಟ್ಟಿಗಿಂತ ತುಸು ಹೆಚ್ಚು ಉಬ್ಬುವುದರಿಂದ ಮೂರು ನ್ಯಾನೋಮೀಟರ್ ಪೊರೆಗೆ ಖರ್ಚಾಗುವ ಲೋಹ ಸುಮಾರು 1.4 ನ್ಯಾನೋಮೀಟರ್. ಸೆಂಟಿಮೀಟರ್ ದಪ್ಪದ ಸರಳಿಗೆ ಇದು ಕೋಟಿಯಲ್ಲಿ ಒಂದೂವರೆ ಪಾಲಿನ ನಷ್ಟ. ಹಡಗಿನ ವ್ಯಾಪಾರಿ ತಲೆ ಕೆಡಿಸಿಕೊಳ್ಳಬೇಕಾದ್ದಲ್ಲ. ಐದು ನ್ಯಾನೋಮೀಟರಿನ ತೆಳುಪದರದಲ್ಲಿ ಅಷ್ಟೇ ಪೊರೆ ಕಟ್ಟಿದರೆ ಪದರದ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಆ ಪೊರೆ ಯಾಕೆ ಅಲ್ಲಿಗೇ ನಿಲ್ಲುತ್ತದೆ ಎಂಬುದನ್ನು ಕ್ಯಾಬ್ರೆರಾ ಮತ್ತು ಮಾಟ್ ಎಂಬ ವಿಜ್ಞಾನಿಗಳು 1940ರ ದಶಕದ ಕೊನೆಯಲ್ಲಿ ವಿವರಿಸಿದರು. ತೀರ ತೆಳುವಾದ ಆಕ್ಸೈಡಿನ ಅಡ್ಡಕ್ಕೆ ಬಲವಾದ ವಿದ್ಯುತ್ ಕ್ಷೇತ್ರ ಏರ್ಪಟ್ಟು ಲೋಹದ ಅಯಾನುಗಳನ್ನು ಹೊರಗೆ ಎಳೆಯುತ್ತದೆ. ಪೊರೆ ದಪ್ಪವಾದಂತೆ ಕ್ಷೇತ್ರ ಸೊರಗಿ ಬೆಳವಣಿಗೆ ತಾನಾಗಿ ನಿಲ್ಲುತ್ತದೆ. ಹಾಗಾಗಿ ತುಕ್ಕಿನ ಮೊದಲ ಪೊರೆ ಒಂದರ್ಥದಲ್ಲಿ ಕಾವಲೂ ಹೌದು. ಆದರೆ ಆ ಕಾವಲಿನ ಕೂಲಿಯನ್ನು ತೆರುವಷ್ಟು ಲೋಹ ತೆಳುಪದರದ ಬಳಿ ಇರುವುದಿಲ್ಲ.

ಪದರ ತಯಾರಾಗುವ ಹೊತ್ತಿನಲ್ಲೇ ಆಮ್ಲಜನಕ ಆಟಕ್ಕೆ ಇಳಿದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಇಂಥ ಪದರಗಳನ್ನು ಮಾಡುವುದು ಗಾಳಿ ತೆಗೆದ ಉಕ್ಕಿನ ಕೋಣೆಗಳಲ್ಲಿ. ಕೋಬಾಲ್ಟ್ ಅಥವಾ ಕಬ್ಬಿಣದ ತುಂಡಿಗೆ ಆರ್ಗಾನ್ ಅಯಾನುಗಳನ್ನು ಬಡಿಸಿ ಪರಮಾಣುಗಳನ್ನು ಹಾರಿಸುತ್ತಾರೆ, ಇಲ್ಲವೆ ಲೋಹವನ್ನು ಕುದಿಸಿ ಆವಿ ಮಾಡುತ್ತಾರೆ. ಎದುರಿಗಿರುವ ಸಿಲಿಕಾನ್ ಬಿಲ್ಲೆಯ ಮೇಲೆ ಅವು ಒಂದೊಂದಾಗಿ ಬಂದು ಕೂರುತ್ತವೆ. ವಾತಾವರಣದ ಒತ್ತಡವನ್ನು 76 ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೂ ಕೋಣೆಯಲ್ಲಿ ಉಳಿದ ಅನಿಲವು ಹೊಸ ಲೋಹದ ಮೈಯನ್ನು ಸುಮಾರು ಒಂದು ಸೆಕೆಂಡಿನಲ್ಲಿ ಪೂರ್ತಿ ಮುಚ್ಚಬಲ್ಲದು. ಅದಕ್ಕೆಂದೇ ಒಳ್ಳೆಯ ಪ್ರಯೋಗಾಲಯಗಳು ಒತ್ತಡವನ್ನು ಇನ್ನೂ ಸಾವಿರ ಪಟ್ಟು ಇಳಿಸುತ್ತವೆ. ಬಂದು ಬಿದ್ದ ಪರಮಾಣುವಿಗೆ ತನ್ನ ಜಾಗ ಹುಡುಕಿಕೊಳ್ಳಲು ಓಡಾಡುವ ಚೈತನ್ಯ ಬೇಕು, ಅದು ಸಿಗುವುದು ಬಿಸಿಯಿಂದ. ಕೋಬಾಲ್ಟ್ ಕರಗುವುದು 1,495 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೋಣೆಯ ಉಷ್ಣತೆ ಅದಕ್ಕೆ ಕೊರೆಯುವ ಚಳಿ. ಬಿದ್ದ ಪರಮಾಣು ಬಿದ್ದಲ್ಲೇ ಉಳಿಯುತ್ತದೆ. ಮೊದಲು ಎದ್ದ ದಿಬ್ಬಗಳು ಹಿಂದಿನ ಜಾಗಕ್ಕೆ ನೆರಳು ಮಾಡಿ, ಕಂಬ ಕಂಬವಾಗಿ ಬೆಳೆದು, ನಡುವೆ ಸಂದು ಬಿಡುತ್ತವೆ. ಉಷ್ಣತೆ ಮತ್ತು ಆರ್ಗಾನ್ ಒತ್ತಡ ಬದಲಿಸಿದಂತೆ ಈ ರಚನೆ ಹೇಗೆ ಬದಲಾಗುತ್ತದೆಂಬ ನಕ್ಷೆಯನ್ನು ಜಾನ್ ಥಾರ್ನ್‌ಟನ್ 1974ರಲ್ಲಿ ಕೊಟ್ಟರು; ಇಂದಿಗೂ ತೆಳುಪದರದ ಕೆಲಸ ಕಲಿಯುವವರು ಅದರಿಂದಲೇ ಶುರು ಮಾಡುತ್ತಾರೆ.

ಈ ಸಂದುಗಳೇ ಆಮ್ಲಜನಕದ ಹಾದಿ. ಚಿರೆಕಲ್ಲಿನ ಗೋಡೆಯಲ್ಲಿ ಮಳೆನೀರು ಕಲ್ಲಿಗಿಂತ ಮೊದಲು ಗಾರೆಯ ಸಂದಿನಲ್ಲಿ ಇಳಿಯುತ್ತದೆ. ಲೋಹದ ಪದರದಲ್ಲೂ ಅದೇ ದಾರಿ. ಹರಳುಕಣದ ಒಳಗೆ ಪರಮಾಣುಗಳು ಒತ್ತಾಗಿ, ಸಾಲಾಗಿ ನಿಂತಿವೆ. ಕಣಕ್ಕೂ ಕಣಕ್ಕೂ ನಡುವಿನ ಗಡಿಯಲ್ಲಿ ಆ ಶಿಸ್ತು ಇಲ್ಲ. ಆಮ್ಲಜನಕಕ್ಕೆ ಅಲ್ಲಿ ನುಸುಳಲು ಸಲೀಸು. ಹಾಗಾಗಿ ಒಂದೇ ಲೋಹದಿಂದ, ಒಂದೇ ದಪ್ಪಕ್ಕೆ ಮಾಡಿದ ಎರಡು ಪದರಗಳನ್ನು ಒಂದೇ ಗಾಳಿಗೆ ಇಟ್ಟರೂ ಗತಿ ಬೇರೆಯಾಗುತ್ತದೆ. ಒತ್ತಾಗಿ ಬೆಳೆದ ಪದರದಲ್ಲಿ ಮೇಲ್ಮೈ ಮಾತ್ರ ಆಕ್ಸೈಡ್ ಆಗುತ್ತದೆ. ಕಂಬ ಕಂಬವಾಗಿ ಸಡಿಲ ಬೆಳೆದದ್ದರಲ್ಲಿ ಒಂದೊಂದು ಕಂಬದ ಸುತ್ತಲೂ ಆಕ್ಸೈಡಿನ ಕವಚ ಕಟ್ಟುತ್ತದೆ. ಪದರ ಕೆಟ್ಟಿತೇ ಎಂದು ಇಲ್ಲಿ ಅವಸರಪಟ್ಟು ತೀರ್ಪು ಕೊಡಬಾರದು. ಆ ಕವಚದಿಂದಲೇ ಒಂದು ಇಡೀ ಉದ್ಯಮ ನಡೆಯಿತು.

ವಿಡಿಯೊ ಟೇಪನ್ನು ನೋಡಿ. ಹಾಡಿನ ಕ್ಯಾಸೆಟ್ಟಿನಲ್ಲಿ ಆಕ್ಸೈಡಿನ ಸೂಜಿಯಾಕಾರದ ಕಣಗಳನ್ನು ಅಂಟಿನಲ್ಲಿ ಕಲಸಿ ಪ್ಲಾಸ್ಟಿಕ್ ಪಟ್ಟಿಗೆ ಬಳಿದಿರುತ್ತಾರೆ. ಬಳಿದ ದಪ್ಪ ಕೆಲವು ಸಾವಿರ ನ್ಯಾನೋಮೀಟರ್. ಸೋನಿ ಕಂಪನಿ 1989ರಲ್ಲಿ ಹೈ-8 ಕ್ಯಾಮೆರಾಗಳ ಜೊತೆ ತಂದ ಒಂದು ಬಗೆಯ ಟೇಪಿನಲ್ಲಿ ಅಂಟೇ ಇಲ್ಲ. ನಿರ್ವಾತದಲ್ಲಿ ತಣ್ಣಗಿನ ಉರುಳೆಯ ಮೇಲೆ ಪ್ಲಾಸ್ಟಿಕ್ ಪಟ್ಟಿ ಓಡುತ್ತಿರುವಾಗ ಕೋಬಾಲ್ಟ್-ನಿಕ್ಕಲ್ ಆವಿ ಓರೆಯಾಗಿ ಬಂದು ಅದರ ಮೇಲೆ ಕೂರುತ್ತದೆ. ಪದರದ ದಪ್ಪ 200 ನ್ಯಾನೋಮೀಟರಿನ ಸುಮಾರು. 1995ರಲ್ಲಿ ಬಂದ ಮಿನಿ ಡಿವಿ ಕ್ಯಾಸೆಟ್ಟುಗಳಲ್ಲೂ ಇದೇ ವಿಧಾನ, ನಿಕ್ಕಲ್ ಬಿಟ್ಟು ಬರೇ ಕೋಬಾಲ್ಟ್. ಆವಿ ಓರೆಯಾಗಿ ಬರುವುದರಿಂದ ಕಂಬಗಳೂ ಓರೆಯಾಗಿ, ಬಾಗಿ ಬೆಳೆಯುತ್ತವೆ. ಆ ಹೊತ್ತಿನಲ್ಲಿ ತಂತ್ರಜ್ಞರು ಬೇಕೆಂದೇ ಕೋಣೆಯೊಳಗೆ ಅಳತೆ ಮಾಡಿ ಆಮ್ಲಜನಕ ಬಿಡುತ್ತಾರೆ. ಅದು ಕಂಬಗಳ ನಡುವೆ, ಕಣಗಳ ನಡುವೆ ಕೋಬಾಲ್ಟ್ ಆಕ್ಸೈಡ್ ಆಗಿ ಕೂರುತ್ತದೆ. ಆ ಆಕ್ಸೈಡ್ ತಾನು ಅಯಸ್ಕಾಂತವಲ್ಲ. ಅದರ ಕೆಲಸ ಬೇಲಿಯದು. ಬೇಲಿ ಇಲ್ಲದಿದ್ದರೆ ಒಂದು ಕಣದ ಕಾಂತತೆ ತಿರುಗಿದಾಗ ಅದಕ್ಕೆ ಅಂಟಿಕೊಂಡ ನೆರೆಯ ಕಣಗಳೂ ತಿರುಗುತ್ತವೆ. ಬರೆದ ಅಕ್ಷರಗಳು ಒಂದರೊಳಗೊಂದು ಕದಡಿ ಗದ್ದಲವಾಗುತ್ತದೆ. ಬೇಲಿ ಇದ್ದಾಗ ಪ್ರತಿ ಕಣವೂ ತನ್ನಷ್ಟಕ್ಕೆ ನಿಲ್ಲುತ್ತದೆ, ಬರೆದದ್ದು ಬರೆದಂತೆ ಉಳಿಯುತ್ತದೆ. ಮಿನಿ ಡಿವಿ ಟೇಪಿನಲ್ಲಿ ಹತ್ತು ಸಾವಿರ ನ್ಯಾನೋಮೀಟರ್ ಅಗಲದ ಸಾಲುಗಳಲ್ಲಿ ಇಡೀ ಒಂದು ತಾಸಿನ ದೃಶ್ಯ ಹಿಡಿಸಿದ್ದು ಈ ಬೇಲಿಯ ಬಲದಿಂದ. ಶುದ್ಧ ಕೋಬಾಲ್ಟಿನ ಪದರ ಇಷ್ಟು ಒಳ್ಳೆಯ ಟೇಪು ಆಗುತ್ತಿರಲಿಲ್ಲ.

ಹಾರ್ಡ್ ಡಿಸ್ಕ್ ಈ ಪಾಠವನ್ನು ಇನ್ನೂ ಕಟ್ಟುನಿಟ್ಟಾಗಿ ಕಲಿಯಿತು. 2005ರ ನಂತರ ಮಾರುಕಟ್ಟೆಗೆ ಬಂದ, ಕಾಂತತೆ ನೆಟ್ಟಗೆ ನಿಲ್ಲುವ ಡಿಸ್ಕುಗಳಲ್ಲಿ ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಬೆರೆತ ಕಣಗಳು ಸುಮಾರು ಎಂಟು ನ್ಯಾನೋಮೀಟರ್ ಅಗಲ. ನಡುವಿನ ಸಂದು ಒಂದು ನ್ಯಾನೋಮೀಟರಿನ ಆಸುಪಾಸು, ಅದರಲ್ಲಿ ಸಿಲಿಕಾನ್ ಅಥವಾ ಟೈಟಾನಿಯಂ ಆಕ್ಸೈಡ್. ಇಲ್ಲಿ ಆಕ್ಸೈಡ್ ಗಡಿ ದಾಟಿದರೆ ಏನಾಗುತ್ತದೆಂದು ಒಂದು ಸರಳ ಲೆಕ್ಕ ಹಾಕಬಹುದು. ಕಣವೊಂದು ತನ್ನ ಕಾಂತತೆಯ ದಿಕ್ಕನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದರ ಗಾತ್ರಕ್ಕೆ ತಕ್ಕಂತೆ. ಸುತ್ತಲಿನ ಉಷ್ಣತೆ ಅದನ್ನು ಸದಾ ಅಲುಗಿಸುತ್ತಿರುತ್ತದೆ. ಹಿಡಿತದ ಶಕ್ತಿ ಉಷ್ಣಶಕ್ತಿಗಿಂತ 60 ಪಟ್ಟು ಇದ್ದರೆ, ಫ್ರೆಂಚ್ ವಿಜ್ಞಾನಿ ಲೂಯಿ ನೀಲ್ ಕೊಟ್ಟ ಸೂತ್ರದಂತೆ, ನೆನಪು ಮುನ್ನೂರು ಕೋಟಿ ವರ್ಷಕ್ಕೂ ಮೀರಿ ನಿಲ್ಲಬೇಕು. ಈಗ ಎಂಟು ನ್ಯಾನೋಮೀಟರ್ ಅಗಲದ ಆ ಕಣದ ಸುತ್ತಲಿನ ಅಂಚಿನಲ್ಲಿ ಒಂದೇ ನ್ಯಾನೋಮೀಟರ್ ಲೋಹ ಆಕ್ಸೈಡಾಯಿತು ಎನ್ನಿ. ಅಗಲ ಆರಕ್ಕೆ ಇಳಿಯಿತು, ಗಾತ್ರ ಶೇಕಡಾ 56ಕ್ಕೆ ಇಳಿಯಿತು, 60 ಇದ್ದದ್ದು 34ರ ಒಳಗೆ ಬಂತು. ಅದೇ ಸೂತ್ರ ಈಗ ಕೊಡುವ ಆಯುಷ್ಯ ಐದು ದಿನ. ಗಾತ್ರ ಅರ್ಧಕ್ಕೆ ಇಳಿದರೆ ನೆನಪೂ ಅರ್ಧ ಆದೀತು ಎಂಬ ನಮ್ಮ ಸಹಜ ಊಹೆ ಇಲ್ಲಿ ನಡೆಯುವುದಿಲ್ಲ. ಸಂದಿನಲ್ಲಿದ್ದಾಗ ನೆನಪನ್ನು ಕಾಯುತ್ತಿದ್ದ ಆಕ್ಸೈಡೇ ಒಂದು ನ್ಯಾನೋಮೀಟರ್ ಒತ್ತುವರಿ ಮಾಡಿದ ಮೇಲೆ ಅದನ್ನು ಮುಗಿಸುತ್ತದೆ.

ಈ ಹದದ ಕಥೆಯಲ್ಲಿ ಕರ್ನಾಟಕದ ಒಂದು ಹೆಸರು ದೊಡ್ಡದಾಗಿದೆ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಮದರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಪಡೆದ ಜಗದೀಶ್ ಮೂಡೇರ ಅಮೆರಿಕದ ಎಂಐಟಿಯಲ್ಲಿ ಸಂಗಡಿಗರೊಂದಿಗೆ 1995ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎರಡು ಕಾಂತೀಯ ಪದರಗಳು, ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್. ಆಕ್ಸೈಡಿನಲ್ಲಿ ವಿದ್ಯುತ್ ಹರಿಯಬಾರದು. ಆದರೂ ಅಷ್ಟು ತೆಳುವಾದಾಗ ಎಲೆಕ್ಟ್ರಾನುಗಳು ಕ್ವಾಂಟಂ ನಿಯಮದಂತೆ ಆಚೆಗೆ ದಾಟುತ್ತವೆ. ಎರಡು ಪದರಗಳ ಕಾಂತತೆ ಒಂದೇ ದಿಕ್ಕಿಗಿದ್ದರೆ ಹೆಚ್ಚು ದಾಟುತ್ತವೆ, ವಿರುದ್ಧವಿದ್ದರೆ ಕಡಿಮೆ. ಫ್ರಾನ್ಸಿನ ಜುಲಿಯೇ 1975ರಲ್ಲಿಯೇ ಇದನ್ನು ಅತಿ ಶೀತದಲ್ಲಿ ಕಂಡಿದ್ದರು; ಕೋಣೆಯ ಉಷ್ಣತೆಯಲ್ಲಿ ಬಳಸಬಹುದಾದಷ್ಟು ಪರಿಣಾಮ ಎರಡು ದಶಕ ಯಾರಿಗೂ ಸಿಕ್ಕಿರಲಿಲ್ಲ. ಮೂಡೇರ ತಂಡಕ್ಕೆ ವಿದ್ಯುತ್ ರೋಧದಲ್ಲಿ ಸುಮಾರು ಶೇಕಡಾ 12ರ ಬದಲಾವಣೆ ಸಿಕ್ಕಿತು. ಅದೇ ವರ್ಷ ಜಪಾನಿನ ಮಿಯಾಜಾಕಿ ಅವರಿಗೂ ಇಂಥದೇ ಯಶಸ್ಸು ದೊರೆಯಿತು. ಕಷ್ಟವಿದ್ದದ್ದು ಆಕ್ಸಿಡೀಕರಣದ ಹದದಲ್ಲಿ. ಮೊದಲು ತೆಳುವಾದ ಅಲ್ಯೂಮಿನಿಯಂ ಲೋಹ ಕೂರಿಸಿ, ಆಮೇಲೆ ಆಮ್ಲಜನಕದ ಪ್ಲಾಸ್ಮಾದಿಂದ ಅದನ್ನು ಆಕ್ಸೈಡ್ ಮಾಡಬೇಕು. ಕಡಿಮೆಯಾದರೆ ತಳದಲ್ಲಿ ಲೋಹದ ಅಲ್ಯೂಮಿನಿಯಂ ಉಳಿಯುತ್ತದೆ. ಹೆಚ್ಚಾದರೆ ಆಮ್ಲಜನಕ ಕೆಳಗಿನ ಕೋಬಾಲ್ಟಿಗೆ ತಗಲಿ ಅದರ ಮೈ ಆಕ್ಸೈಡಾಗುತ್ತದೆ. ಎರಡರಲ್ಲೂ ಎಲೆಕ್ಟ್ರಾನುಗಳು ತಮ್ಮ ಕಾಂತೀಯ ಗುರುತನ್ನು ಕಳೆದುಕೊಳ್ಳುತ್ತವೆ. 2009ರಲ್ಲಿ ಅಮೆರಿಕದ ಭೌತಶಾಸ್ತ್ರ ಸಂಘದ ಬಕ್ಲಿ ಪ್ರಶಸ್ತಿ ಮೂಡೇರ, ಮಿಯಾಜಾಕಿ ಮತ್ತು ಎಂಐಟಿಯ ಇಬ್ಬರು ಹಿರಿಯ ಸಹೋದ್ಯೋಗಿಗಳಿಗೆ ಸಂದಿತು.

ಮುಂದಿನ ಹೆಜ್ಜೆಯಲ್ಲಿ ಸೂಕ್ಷ್ಮರಚನೆಯ ಪಾಲು ಇನ್ನೂ ಸ್ಪಷ್ಟವಾಯಿತು. ಅಲ್ಯೂಮಿನಿಯಂ ಆಕ್ಸೈಡಿನ ಪೊರೆಯಲ್ಲಿ ಪರಮಾಣುಗಳಿಗೆ ಸಾಲು ಎಂಬುದಿಲ್ಲ. ಅದರ ಬದಲು ಸಾಲುಗಟ್ಟಿ ನಿಂತ ಮೆಗ್ನೀಸಿಯಂ ಆಕ್ಸೈಡನ್ನು ಇಟ್ಟಾಗ, 2004ರಲ್ಲಿ ಅಮೆರಿಕದಲ್ಲಿ ಸ್ಟುವರ್ಟ್ ಪಾರ್ಕಿನ್ ಮತ್ತು ಜಪಾನಿನಲ್ಲಿ ಶಿಂಜಿ ಯುವಾಸಾ ಅವರಿಗೆ ಶೇಕಡಾ 200ರ ಆಸುಪಾಸಿನ ಪರಿಣಾಮ ಸಿಕ್ಕಿತು. ಅದೂ ಆಕ್ಸೈಡ್, ಇದೂ ಆಕ್ಸೈಡ್. ಹರಳಿನ ಶಿಸ್ತು ಬಂದದ್ದಕ್ಕೆ ಇಷ್ಟು ಜಿಗಿತ. 2010ರಲ್ಲಿ ಜಪಾನಿನ ಇಕೆಡಾ ಮತ್ತು ಸಂಗಡಿಗರು ಮೆಗ್ನೀಸಿಯಂ ಆಕ್ಸೈಡಿನ ಮಗ್ಗುಲಲ್ಲಿ 1.3 ನ್ಯಾನೋಮೀಟರಿನ ಕೋಬಾಲ್ಟ್-ಕಬ್ಬಿಣ-ಬೋರಾನ್ ಪದರ ಇಟ್ಟರೆ ಅದರ ಕಾಂತತೆ ಮಲಗುವ ಬದಲು ನೆಟ್ಟಗೆ ಎದ್ದು ನಿಲ್ಲುವುದನ್ನು ತೋರಿಸಿದರು. ಗಡಿಯಲ್ಲಿ ಕಬ್ಬಿಣದ ಪರಮಾಣು ಆಮ್ಲಜನಕದ ಕೈ ಹಿಡಿಯುವುದೇ ಇದಕ್ಕೆ ಕಾರಣ. ಆ ಗಡಿಯಲ್ಲಿ ಆಮ್ಲಜನಕ ಹೆಚ್ಚಾದರೂ ಕಡಿಮೆಯಾದರೂ ಕಾಂತತೆಯ ನಿಲುವು ಕುಗ್ಗುತ್ತದೆ. ವಿದ್ಯುತ್ ಹೋದರೂ ನೆನಪು ಕಳೆದುಕೊಳ್ಳದ ಹೊಸ ಕಾಂತೀಯ ಮೆಮೊರಿ ಚಿಪ್ಪುಗಳು ನಿಂತಿರುವುದು ಈ ಕಬ್ಬಿಣ-ಆಮ್ಲಜನಕದ ನಂಟಿನ ಮೇಲೆ. ಕಬ್ಬಿಣ ಆಮ್ಲಜನಕಕ್ಕೆ ತಗಲಿದರೆ ಹಾಳು ಎಂದು ನಂಬಿದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇನ್ನೊಂದು ಉದಾಹರಣೆ ಕರಾವಳಿಯ ಹವೆಗೇ ಸಂಬಂಧಿಸಿದ್ದು. ಕೋಬಾಲ್ಟ್ ಕಣಗಳ ಮೇಲೆ ಆಕ್ಸೈಡ್ ಸಿಪ್ಪೆ ಕಟ್ಟಿ, ಕಾಂತಕ್ಷೇತ್ರದಲ್ಲಿಟ್ಟು ತಣಿಸಿದರೆ, ಸಿಪ್ಪೆಯು ಒಳಗಿನ ಲೋಹದ ಕಾಂತತೆಯನ್ನು ಒಂದೇ ದಿಕ್ಕಿಗೆ ಹಿಡಿದು ಕಟ್ಟಿಹಾಕುತ್ತದೆ ಎಂದು ಮೈಕಲ್‌ಜಾನ್ ಮತ್ತು ಬೀನ್ 1956ರಲ್ಲಿ ಕಂಡರು. ಆಮೇಲೆ ಬಂದ ಹಾರ್ಡ್ ಡಿಸ್ಕಿನ ಓದುವ ತಲೆಗಳು ಈ ತತ್ತ್ವದಿಂದಲೇ ಕೆಲಸ ಮಾಡಿದವು. ಆದರೆ ಕೋಬಾಲ್ಟ್ ಆಕ್ಸೈಡಿನ ಒಳಗಿನ ಕಾಂತೀಯ ಶಿಸ್ತು ಉಳಿಯುವುದು ಸುಮಾರು 18 ಡಿಗ್ರಿಯವರೆಗೆ ಮಾತ್ರ. ಭಟ್ಕಳದ 30 ಡಿಗ್ರಿಯ ಮಧ್ಯಾಹ್ನದಲ್ಲಿ ಈ ಹಿಡಿತ ಕಾಣುವುದೇ ಇಲ್ಲ. ಹಾಗಾಗಿ ಉಪಕರಣಗಳಲ್ಲಿ ಕೋಬಾಲ್ಟ್ ಆಕ್ಸೈಡಿನ ಬದಲು ಇರಿಡಿಯಂ-ಮ್ಯಾಂಗನೀಸ್‌ನಂಥ ಮಿಶ್ರಲೋಹ ಬಳಸಬೇಕಾಯಿತು. ಆಕ್ಸೈಡಿನ ಉಪಕಾರಕ್ಕೆ ಇಂಥ ಜಾಗ, ಇಂಥ ಉಷ್ಣತೆ ಎಂಬ ಕಟ್ಟಳೆ ಇದೆ ಎಂಬುದೂ ಇದರಿಂದ ತಿಳಿಯುತ್ತದೆ.

ಇಷ್ಟಕ್ಕೆ ಒಂದು ಆಕ್ಷೇಪ ಏಳುತ್ತದೆ: ಪ್ರಯೋಗಾಲಯದ ಆಕ್ಸೈಡೂ ಗೇಟಿನ ತುಕ್ಕೂ ಒಂದೇ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಆಕ್ಷೇಪ ನ್ಯಾಯವಾದದ್ದು. ಒಣಗಾಳಿಯಲ್ಲಿ ಕಟ್ಟುವ ಪೊರೆ ಒತ್ತಾಗಿದ್ದು ತಾನಾಗಿ ನಿಲ್ಲುತ್ತದೆ. ಗೇಟಿನ ತುಕ್ಕಿನಲ್ಲಿ ನೀರೂ ಸೇರಿಕೊಂಡು ಪುಡಿಪುಡಿಯಾಗಿ, ಸೀಳುಬಿಟ್ಟು, ಒಳಗಿನ ಲೋಹವನ್ನು ಸದಾ ತೆರೆದಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಉಪ್ಪು ಮತ್ತು ತೇವ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಬೇಕಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಭಟ್ಕಳ-ಕುಮಟಾ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 80ರ ಮೇಲೆಯೇ ಇರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದೂ ಕಪಾಟಿನ ಟೇಪಿನ ಲೋಹ ಕೆಡುವುದೂ ಒಂದೇ ಕಾರಣಕ್ಕೆ: ಕಣ್ಣಿಗೆ ಕಾಣದ ಉಪ್ಪುಧೂಳು ನೀರಾಗಿ ಲೋಹದ ಮೇಲೆ ಪಸೆ ಕಟ್ಟುತ್ತದೆ, ಅದರಲ್ಲಿರುವ ಕ್ಲೋರೈಡ್ ಕಾವಲು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಮತ್ತೆ ಎಲ್ಲಿ ತೂತು ಬೀಳುತ್ತದೆ ಎಂದರೆ ಪೊರೆ ಸೊರಗಿರುವಲ್ಲಿ, ಹರಳುಕಣಗಳ ಸಂದಿನಲ್ಲಿ. ಆಕ್ಸೈಡೂ ತುಕ್ಕೂ ಬೇರೆ ಎಂಬ ಮಾತು ನಿಜವಾದಷ್ಟೂ ಜಾಗ ಮತ್ತು ರಚನೆಯೇ ನಿರ್ಣಾಯಕ ಎಂಬ ವಾದ ಗಟ್ಟಿಯಾಗುತ್ತದೆ.

ಇಷ್ಟು ಕಷ್ಟಪಡುವ ಬದಲು ತುಕ್ಕು ಹಿಡಿಯದ ವಸ್ತು ಬಳಸಬಾರದೇ ಎಂದು ಇನ್ನೊಬ್ಬರು ಕೇಳಬಹುದು. ಚಿನ್ನ, ಪ್ಲಾಟಿನಂ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅವು ತಾವಾಗಿ ಅಯಸ್ಕಾಂತವಾಗುವುದೂ ಇಲ್ಲ. ಕೋಣೆಯ ಉಷ್ಣತೆಯಲ್ಲಿ ಬಲವಾದ ಕಾಂತತೆ ಬೇಕೆಂದರೆ ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಬಾಗಿಲಿಗೇ ಹೋಗಬೇಕು. ಮೇಲೊಂದು ಹೊದಿಕೆ ಹಾಕಬಹುದು, ಹಾಕುತ್ತಾರೆ ಕೂಡ. ಹಾರ್ಡ್ ಡಿಸ್ಕಿನ ಮೇಲೆ ವಜ್ರದಂಥ ಗಟ್ಟಿ ಇಂಗಾಲದ ಹೊದಿಕೆ ಎರಡು ಮೂರು ನ್ಯಾನೋಮೀಟರ್ ಇರುತ್ತದೆ. ಹೆಚ್ಚು ದಪ್ಪ ಮಾಡಿದರೆ ಓದುವ ತಲೆ ದೂರವಾಗಿ ಸದ್ದು ಕೇಳದು, ಕಡಿಮೆ ಮಾಡಿದರೆ ಸೂಜಿರಂಧ್ರ ಉಳಿಯುತ್ತದೆ. ಇನ್ನು ಮೊದಲೇ ಪೂರ್ತಿ ಆಕ್ಸೈಡ್ ಆದದ್ದನ್ನೇ ಬಳಸುವ ದಾರಿ ಇದೆ, ಅದಕ್ಕೆ ಮತ್ತೆ ತುಕ್ಕಿನ ಭಯವಿಲ್ಲ. ಬೆಲೆ ಎಂದರೆ ಕಾಂತತೆ ಕಡಿಮೆ. ಮ್ಯಾಗ್‌ಹೆಮೈಟಿನದು ಕಬ್ಬಿಣದ ಕಾಲು ಪಾಲು. ಆದರೂ ದತ್ತಾಂಶ ಕೇಂದ್ರಗಳು ಇಂದು ಬಳಸುವ ದೊಡ್ಡ ಟೇಪುಗಳು ಲೋಹದ ಕಣ ಬಿಟ್ಟು ಬೇರಿಯಂ ಫೆರೈಟ್ ಎಂಬ ಆಕ್ಸೈಡಿಗೆ ಹೊರಳಿದ್ದಕ್ಕೆ ಅದರ ಬಾಳಿಕೆಯೇ ಒಂದು ಮುಖ್ಯ ಕಾರಣ. ಓದುವ ತಲೆ ಸೂಕ್ಷ್ಮವಾದ ಮೇಲೆ ಕ್ಷೀಣ ಸದ್ದೂ ಸಾಕಾಯಿತು. ಆ ತಲೆಯನ್ನು ಇನ್ನಷ್ಟು ಸೂಕ್ಷ್ಮ ಮಾಡಿದ್ದು ಮೂಡೇರ ಮತ್ತು ಮಿಯಾಜಾಕಿ ದಾರಿ ತೋರಿಸಿದ ಆಕ್ಸೈಡಿನ ತಡೆಗೋಡೆ ಎಂಬುದನ್ನು ಮರೆಯುವಂತಿಲ್ಲ.

ಇದೆಲ್ಲ ಓದಿ ಮುಟ್ಟಳ್ಳಿಯವರು ಮಾಡುವುದೇನು? ಮಾಡುವುದಿದೆ. ಹೊನ್ನಾವರದ ಗುಣವಂತೆಯಲ್ಲಿ 1934ರಿಂದ ಯಕ್ಷಗಾನದ ಇಡಗುಂಜಿ ಮೇಳ ನಡೆಸಿಕೊಂಡು ಬಂದ ಕೆರೆಮನೆ ಮನೆತನದ ಶಂಭು ಹೆಗಡೆ 2009ರಲ್ಲಿ ತೀರಿಕೊಂಡರು, ಚಿಟ್ಟಾಣಿ ರಾಮಚಂದ್ರ ಹೆಗಡೆ 2017ರಲ್ಲಿ. ಅವರ ಕಾಲದ ಆಟಗಳು, ತಾಳಮದ್ದಲೆಗಳು, ಮದುವೆ ಮುಂಜಿಗಳು, ಊರ ತೇರು, ಕೊಲ್ಲಿ ದೇಶದಿಂದ ರಜೆಗೆ ಬಂದವರು ಹಿಡಿದ ಚಿತ್ರಗಳು ಎಲ್ಲವೂ ಮನೆಮನೆಯ ಕಪಾಟಿನಲ್ಲಿ ಆಡಿಯೊ ಕ್ಯಾಸೆಟ್ಟು, ವಿಎಚ್‌ಎಸ್, ಹೈ-8, ಮಿನಿ ಡಿವಿಗಳಾಗಿ ಉಳಿದಿವೆ. ಆಡಿಯೊ ಮತ್ತು ವಿಎಚ್‌ಎಸ್ ಟೇಪಿನ ಆಕ್ಸೈಡಿಗೆ ತುಕ್ಕಿನ ಭಯವಿಲ್ಲ, ಆದರೆ ಅದನ್ನು ಹಿಡಿದಿರುವ ಅಂಟು ತೇವಕ್ಕೆ ಜಿಗುಟಾಗುತ್ತದೆ, ಬೂಸಲು ಹಿಡಿಯುತ್ತದೆ. ಮಿನಿ ಡಿವಿ ಮತ್ತು ಹಲವು ಹೈ-8 ಟೇಪುಗಳಲ್ಲಿ ಅಂಟಿನ ತೊಂದರೆ ಇಲ್ಲ, ಕೆಡುವುದು ಲೋಹವೇ. ಕೆಟ್ಟಾಗ ಮಿನಿ ಡಿವಿಯ ಚಿತ್ರ ಮಸುಕಾಗುವ ಬದಲು ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಇಲ್ಲವಾಗುತ್ತದೆ. ಓದುವ ಯಂತ್ರಗಳೂ ಮುಗಿಯುತ್ತಿವೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ ಜಪಾನಿನ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. 2025ರ ಸುಮಾರಿಗೆ ಟೇಪು ಓದಿಸುವುದೇ ದುಸ್ತರವಾಗಬಹುದು ಎಂದು ಯುನೆಸ್ಕೋದ ಕಾರ್ಯಕ್ರಮವೊಂದು 2019ರಲ್ಲೇ ಎಚ್ಚರಿಸಿತ್ತು. ಡಿಜಿಟಲ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಅದೂ ತೆಳುಪದರವೇ ತಾನೆ, ಬಂದ ಲಾಭವೇನು ಎಂಬ ಮಾತು ಇಲ್ಲಿ ಬರಬಹುದು. ಹೌದು, ಅದೂ ತೆಳುಪದರವೇ, ಅದಕ್ಕೂ ಕೊನೆ ಉಂಟು. ಲಾಭ ಇಷ್ಟೇ: ಟೇಪಿನಿಂದ ಟೇಪಿಗೆ ಇಳಿಸಿದ ಹಾಡು ಪ್ರತಿ ಸಲ ಸವೆಯುತ್ತಿತ್ತು, ಡಿಜಿಟಲ್ ಪ್ರತಿ ಸವೆಯದೆ ಎಷ್ಟು ಸಲ ಬೇಕಾದರೂ ಹೊಸ ಜಾಗಕ್ಕೆ ದಾಟುತ್ತದೆ. ಒಂದು ಡಿಸ್ಕಿಗೆ ಸಾವು ಬರುವ ಮೊದಲು ಇನ್ನೊಂದಕ್ಕೆ ದಾಟಿಸಿದರಾಯಿತು.

ಹಾಗಾಗಿ ಮನೆಯಲ್ಲಿ ಟೇಪುಗಳಿದ್ದವರು ಮಿನಿ ಡಿವಿ, ಹೈ-8ಗಳನ್ನು ಮೊದಲು ಹೊರತೆಗೆಯಲಿ, ಆಡಿಯೊ ಕ್ಯಾಸೆಟ್ಟಿನ ಸರದಿ ಆಮೇಲೆ ಬರಲಿ. ಬೂಸಲು ಕಂಡ ಟೇಪನ್ನು ಯಂತ್ರಕ್ಕೆ ಹಾಕಬೇಡಿ, ಟೇಪೂ ಯಂತ್ರವೂ ಎರಡೂ ಕೆಡುತ್ತವೆ. ಅದನ್ನು ಬಲ್ಲವರ ಕೈಗೆ ಕೊಡಿ. ಉಳಿದವನ್ನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ, ತಂಪಾದ ಜಾಗದಲ್ಲಿ ನಿಲ್ಲಿಸಿಡಿ. ಬೇಸಿಗೆಯ ಒಣಹವೆ ಇರುವಾಗಲೇ ಡಿಜಿಟಲ್ ಮಾಡಿಸಿ, ಎರಡು ಪ್ರತಿ ಮಾಡಿ, ಒಂದನ್ನು ಘಟ್ಟದ ಮೇಲಿನ ಯಾರಾದರೂ ನೆಂಟರ ಮನೆಯಲ್ಲಿಡಿ. ಟೇಪು ಮಾಡಿದವರು ಆಮ್ಲಜನಕವನ್ನು ಅಳತೆ ಹಾಕಿ ಒಳಗೆ ಬಿಟ್ಟಿದ್ದರು. ಕರಾವಳಿಯ ಮಳೆಗಾಲಕ್ಕೆ ಆ ಅಳತೆ ಗೊತ್ತಿಲ್ಲ. ಬರುವ ಜೂನ್‌ಗೆ ಮೊದಲು ಈ ಕೆಲಸ ಮುಗಿಸಿ.